ಎರಡಿಂಚಿನ ಮೇಷ್ಟ್ರು

ಟಕ್ ಎಂದು ಒಂದು ಸದ್ದು. ಅದರ ಬೆನ್ನಿಗೇ, "ಆಯ್ತಮ್ಮಾ, ಆಯ್ತು" ಎಂಬ ಸಮಾಧಾನದ ಮಾತು. ಮೇಷ್ಟ್ರ ಗ್ಯಾರೇಜಿನ ಮುಂದೆ ಹಾದುಹೋಗುವವರಿಗೆ ದಿನದಲ್ಲಿ ಹತ್ತಾರು ಸಲ ಇವೆರಡೂ ಜೋಡಿಯಾಗಿ ಕೇಳಿಸುತ್ತಿದ್ದವು. ಒಳಗೆ ಹೆಂಗಸರು ಯಾರೂ ಇರುತ್ತಿರಲಿಲ್ಲ. ಬೋಲ್ಟು ಎಷ್ಟು ಬಿಗಿಯಾಗಬೇಕೋ ಅಷ್ಟಾದ ಕೂಡಲೇ ಟಕ್ ಎನ್ನುವ ಉದ್ದ ಹಿಡಿಯ ಸ್ಪ್ಯಾನರೊಂದು ಅವರ ಬಳಿ ಇತ್ತು. ಅದು ಕೂಗಿದಾಗಲೆಲ್ಲ ಅವರು ಓಗೊಡುತ್ತಿದ್ದರು. ಬೇರೆ ಮೆಕ್ಯಾನಿಕ್‌ಗಳು ಆ ಸದ್ದಿನ ಮೇಲೂ ಇನ್ನೊಂದು ಸುತ್ತು ತಿರುಗಿಸಿ ತಮ್ಮ ತೋಳಿನ ಬಲವನ್ನು ಗಾಡಿಯ ಮೇಲೆ ತೋರಿಸುತ್ತಾರೆ. ಮೇಷ್ಟ್ರು ಅಲ್ಲಿಗೇ ಕೈ ಬಿಡುತ್ತಿದ್ದರು. ಸಾಕು ಎಂದದ್ದನ್ನು ಮೊದಲ ಸಲಕ್ಕೇ ಕೇಳಿಸಿಕೊಳ್ಳುವ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ. ಆ ಸಾಲಿನಲ್ಲಿ ನಾನಂತೂ ನಿಲ್ಲಲಾರೆ.

ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ನಾಲ್ಕನೆಯ ತರಗತಿಯಲ್ಲಿ ಶಾಲೆ ಅವರನ್ನು ಬಿಟ್ಟಿತೋ ಅವರೇ ಶಾಲೆಯನ್ನು ಬಿಟ್ಟರೋ ಎಂಬುದಕ್ಕೆ ಅವರ ಬಳಿಯೇ ಎರಡು ಕಥೆಗಳಿದ್ದವು. ಹೆಸರು ಬಂದದ್ದು ಕೋಟಿನಿಂದ. ಮೊಣಕಾಲಿನ ತನಕ ಇಳಿಬಿದ್ದ ಬೂದು ಬಣ್ಣದ ಕೋಟು. ಉಳಿದೆಲ್ಲ ಕಡೆ ಎಣ್ಣೆ ಕುಡಿದು ಕಪ್ಪಾಗಿದ್ದರೂ ಎಡಜೇಬೊಂದು ಮಾತ್ರ ಬೆಳ್ಳಗೆ, ಏಕೆಂದರೆ ಅದರೊಳಗೆ ಸದಾ ನಾಲ್ಕೈದು ತುಂಡು ಸೀಮೆಸುಣ್ಣ. ವರ್ಷಗಟ್ಟಲೆ ಗಾಡಿಗಳ ಕೆಳಗೆ ಮಲಗಿದ್ದರಿಂದ ಕತ್ತು ಒಂದು ಪಕ್ಕಕ್ಕೆ ವಾಲಿತ್ತು. ಎದುರಿಗೆ ನಿಂತವರನ್ನೂ ಕೆಳಗಿನಿಂದ ನೋಡುತ್ತಿರುವಂತೆ, ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಿರುವಂತೆ ನೋಡುತ್ತಿದ್ದರು. ನಡೆಯುವಾಗ ಒಂದು ಹೆಜ್ಜೆ ಊರಿ, ಅದರ ಮೇಲೆ ಪೂರ್ತಿ ಭಾರ ಬಿಟ್ಟು, ನೆಲ ಒಪ್ಪಿತೆಂದು ಖಾತ್ರಿಯಾದ ಮೇಲೆಯೇ ಇನ್ನೊಂದನ್ನು ಎತ್ತುತ್ತಿದ್ದರು. ಅವರ ಜೊತೆ ನಡೆದು ಟೀ ಅಂಗಡಿಗೆ ಹೋದರೆ ಟೀ ಆರಿಹೋಗಿರುತ್ತದೆ ಎಂದು ಗಿರಾಕಿಗಳು ನಗುತ್ತಿದ್ದರು.

ಕಲ್ಲು ಕೊರಕಲಿನ ದಾರಿ ಹಿಡಿಯುವ ಜೀಪಿನಂಥ ಗಾಡಿಗಳನ್ನು ಎತ್ತರಿಸಿಕೊಡುವುದು ಅವರ ಕಸುಬು. ಸ್ಪ್ರಿಂಗಿನ ತಲೆಯ ಮೇಲೆ ದಪ್ಪನೆಯ ಬಿಲ್ಲೆಯೊಂದನ್ನು ಕೂರಿಸಿ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿದರೆ ಗಾಡಿಯ ಹೊಟ್ಟೆ ನೆಲದಿಂದ ಎರಡಿಂಚು ಮೇಲೇಳುತ್ತದೆ. ಎರಡಿಂಚು ಅವರ ಗಡಿ. "ನಾಲ್ಕು ಮಾಡಿ ಮೇಷ್ಟ್ರೇ" ಎಂದವರಿಗೆ, "ನಾಲ್ಕು ಬೇಕಂದ್ರೆ ಜಿರಾಫೆ ಸಾಕ್ಕೊಳ್ಳಿ, ಅದಕ್ಕಾದ್ರೆ ಬ್ರೇಕ್ ಪೈಪ್ ಎಳೆದು ಕಿತ್ಹೋಗೋ ತಾಪತ್ರಯ ಇಲ್ಲ" ಎನ್ನುತ್ತಿದ್ದರು.

ಇನ್ನೆರಡು ಹಟಗಳಿದ್ದವು. ಗಾಡಿಯನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದಾಗ ಬೋಲ್ಟುಗಳನ್ನು ಕೈಬಿಗಿಯಷ್ಟೇ ಕೂರಿಸುವರು. ಚಕ್ರ ನೆಲಕ್ಕಿಳಿದು, ಗಾಡಿ ತನ್ನ ಭಾರವನ್ನು ತಾನು ಹೊತ್ತು ನಿಂತ ಮೇಲೆಯೇ ಕೊನೆಯ ಬಿಗಿತ. ಮೇಲಿದ್ದಾಗಲೇ ಬಿಗಿದರೆ ಒಳಗಿನ ರಬ್ಬರು ತಿರುಚಿಕೊಂಡೇ ಉಳಿದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. "ಗಾಳೀಲಿ ಕಾಲು ಬಿಟ್ಕೊಂಡಿರೋವಾಗ ಎಲ್ರೂ ನೆಟ್ಟಗೇ ಕಾಣ್ತಾರೆ. ಭಾರ ಬಿದ್ದಾಗ ನೋಡ್ಬೇಕು" ಎಂದು ಅವರು ಗಾಡಿಯ ಕೆಳಗಿನಿಂದ ಹೇಳುತ್ತಿದ್ದರು.

ಎರಡನೆಯ ಹಟ, ಗ್ಯಾರೇಜಿನ ಬಾಗಿಲ ಪಕ್ಕದ ಕಂಬ. ಗಾಡಿ ಮುಟ್ಟುವ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದಕ್ಕೆ ಹತ್ತೋರು ಯಾರ್ಯಾರು?" ಮನೆಯಲ್ಲಿ ಹತ್ತಲು ಕಷ್ಟಪಡುವವರು ಇದ್ದರೆ ಅವರನ್ನು ಕರೆತರಬೇಕು. ಬಂದವರು ಕಂಬದ ಪಕ್ಕ ನಿಂತು, ನೋವಾಗದಂತೆ ಎಷ್ಟಾಗುತ್ತದೋ ಅಷ್ಟು ಕಾಲೆತ್ತಬೇಕು; ಪಾದ ತಲುಪಿದ ಎತ್ತರಕ್ಕೆ ಸೀಮೆಸುಣ್ಣದ ಗೆರೆ. ಹೆಂಗಸರಾದರೆ ಸೀಮೆಸುಣ್ಣ ಅವರ ಕೈಗೇ ಕೊಟ್ಟು ಮೇಷ್ಟ್ರು ಮುಖ ತಿರುಗಿಸಿ ನಿಲ್ಲುವರು. ಬಾಗಿಲ ಹೊಸ್ತಿಲು ಆ ಗೆರೆಗಿಂತ ಮೇಲೆ ಹೋಗುವಂತಿಲ್ಲ. ಹೋಗುವುದಾದರೆ ಬಿಲ್ಲೆ ತೆಳುವಾಗಬೇಕು, ಇಲ್ಲವೇ ಬಾಗಿಲ ಕೆಳಗೊಂದು ಮೆಟ್ಟಿಲು ಬರಬೇಕು. ಬರೆಯುವುದು ಅಷ್ಟಾಗಿ ಬಾರದ ಅವರು ಪ್ರತಿ ಗೆರೆಯ ಪಕ್ಕ ಚಿತ್ರ ಬಿಡಿಸುತ್ತಿದ್ದರು: ಒಂದು ಕನ್ನಡಕ, ಒಂದು ಊರುಗೋಲು, ಒಂದು ಗುಂಡು ಹೊಟ್ಟೆ. ಊರಿನ ಸೋತ ಕಾಲುಗಳೆಲ್ಲ ಆ ಕಂಬದ ಮೇಲೆ ಸಾಲಾಗಿ ನಿಂತಂತಿತ್ತು.

ನನ್ನ ಗಾಡಿಯನ್ನು ಎತ್ತರಿಸಲು ತಂದಾಗ ನನ್ನನ್ನೂ ಕೇಳಿದರು. "ನಾನೊಬ್ಬನೇ" ಎಂದೆ.

ಅದು ಸುಳ್ಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ ನನ್ನ ಮನೆಯಲ್ಲೇ ಇದ್ದಾಳೆ. ಸರಿಯಾಗಿ ಹೇಳಬೇಕೆಂದರೆ ಅವಳ ಮನೆಯಲ್ಲಿ ನಾನಿದ್ದೇನೆ. ಒಂದೇ ಮಿಷನ್ನಿನ ಹೊಲಿಗೆ ಅಂಗಡಿಯಿಂದ ನನ್ನನ್ನು ಓದಿಸಿದವಳು. ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಅವಳ ಬಲಗಾಲು ಹೆಚ್ಚು ಏಳುವುದಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಅಂಗಡಿಗೆ ಬಿಟ್ಟು ನಾನು ಆಫೀಸಿಗೆ ಹೋಗುವುದು ಇದೇ ಗಾಡಿಯಲ್ಲಿ. ಆದರೆ ಆ ಹೊತ್ತಿಗೆ ನನ್ನ ಪಕ್ಕದಲ್ಲಿ ಔಷಧದಂಗಡಿಯ ಗೆಳೆಯ ನಿಂತಿದ್ದ. ಭಾನುವಾರಗಳಂದು ಗುಡ್ಡಕ್ಕೆ ಗಾಡಿ ಹತ್ತಿಸುವ ನಮ್ಮ ಗುಂಪಿನಲ್ಲಿ ಬಾಗಿಲಿಗೆ ಮೆಟ್ಟಿಲಿರುವ ಗಾಡಿಗಳಿಗೆ ಅವನು "ಅಜ್ಜಿ ಗಾಡಿ" ಎಂದು ಹೆಸರಿಟ್ಟಿದ್ದ. ಆ ಹೆಸರಿಗೆ ಹೆದರಿ, ಅಕ್ಕನನ್ನು ಅವನೆದುರು ಕಂಬದ ಪಕ್ಕ ಕಾಲೆತ್ತಿ ನಿಲ್ಲಿಸಲು ನಾಚಿ, ಒಂದೇ ಮಾತಿನಲ್ಲಿ ಅವಳನ್ನು ಅಳಿಸಿಹಾಕಿದೆ. ಮೇಷ್ಟ್ರು ಜೇಬಿನಿಂದ ತೆಗೆದಿದ್ದ ಸೀಮೆಸುಣ್ಣವನ್ನು ವಾಪಸ್ಸು ಹಾಕಿಕೊಂಡರು.

ಗಾಡಿ ಎದ್ದು ನಿಂತಿತು, ಚೆಂದವೂ ಕಂಡಿತು. ಮರುದಿನ ಬೆಳಿಗ್ಗೆ ಅಕ್ಕ ಹಿಡಿಕೆ ಹಿಡಿದು ಕಾಲೆತ್ತಿದಳು. ಚಪ್ಪಲಿಯ ತುದಿ ಹೊಸ್ತಿಲಿಗೆ ಬಡಿದು ಕೆಳಗಿಳಿಯಿತು. ಇನ್ನೊಮ್ಮೆ ಎತ್ತಿದಳು. ನಾನು ಮೊದಲೇ ಸರಿಯಾಗಿದ್ದ ಕನ್ನಡಿಯನ್ನು ಸರಿಮಾಡುತ್ತ ಕೂತಿದ್ದೆ.

"ಇವತ್ತು ಬಸ್ಸಲ್ಲಿ ಹೋಗ್ತೀನಿ ಕಣೋ, ದಾರೀಲಿ ದಾರ ತಗೊಳ್ಳೋದಿದೆ" ಎಂದಳು. ಮೂರು ದಿನ ಅವಳು ದಾರ ತಗೊಂಡಳು. ಅಷ್ಟು ದಾರಕ್ಕೆ ಊರಿನ ಬಟ್ಟೆ ಸಾಲದು ಎಂದು ನನಗೆ ಗೊತ್ತಿತ್ತು. ನಾಲ್ಕನೆಯ ದಿನ ಒಂದು ಪುಟ್ಟ ಮರದ ಸ್ಟೂಲು ಹಿಡಿದು ಬಂದಳು. ಅದರ ಕಾಲಿಗೆ, ಕತ್ತರಿಸಿ ಉಳಿದ ಬಟ್ಟೆಯ ಅಂಚುಗಳನ್ನು ಮೂರು ಪದರ ಮಾಡಿ ಹೊಲಿದ ಪಟ್ಟಿ ಕಟ್ಟಿದ್ದಳು. ಸ್ಟೂಲು ಇಟ್ಟು, ಹತ್ತಿ, ಸೀಟಿನಲ್ಲಿ ಕೂತು, ಬಾವಿಯಿಂದ ನೀರು ಸೇದುವ ಹಾಗೆ ಅದನ್ನು ಮೇಲೆಳೆದುಕೊಂಡಳು. "ನೋಡೋ, ನಂಗೂ ಲಿಫ್ಟ್ ಬಂತು" ಎಂದು ನಕ್ಕಳು. ನಾನೂ ನಕ್ಕೆ. ಆಡಿದ ಸುಳ್ಳಿಗಿಂತ ಆ ನಗು ನನ್ನನ್ನು ಇಂದಿಗೂ ಹೆಚ್ಚು ಕಾಡುತ್ತದೆ.

ಐನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟು ನೋಡಿಸಲು ಬರಲೇಬೇಕೆಂಬುದು ಮೇಷ್ಟ್ರ ಕಟ್ಟಪ್ಪಣೆ. ಹೋದೆ, ಗೆಳೆಯನೂ ಇದ್ದ. ಎಡಬಾಗಿಲು ತೆರೆದ ಮೇಷ್ಟ್ರು ಸೀಟಿನ ಕೆಳಗಿನಿಂದ ಸ್ಟೂಲು ಹೊರಗೆಳೆದರು.

"ಇದು ಯಾರ್ದು?"

"ಅದಾ... ಸಾಮಾನು ಇಳಿಸೋಕೆ ಅಂತ..."

ಅವರು ಬಟ್ಟೆಯ ಪಟ್ಟಿಯನ್ನು ಬೆರಳುಗಳ ನಡುವೆ ನಿಧಾನವಾಗಿ ಹಾಯಿಸಿದರು. ಸ್ಟೂಲನ್ನು ನೆಲಕ್ಕಿಟ್ಟು, ತಮ್ಮ ಎಂದಿನ ನಡಿಗೆಯಲ್ಲೇ ಅದರ ಮೇಲೊಂದು ಹೆಜ್ಜೆ ಊರಿ, ಭಾರ ಬಿಟ್ಟು, ಹತ್ತಿ ಕೂತು, ಪಟ್ಟಿ ಹಿಡಿದು ಮೇಲೆಳೆದುಕೊಂಡರು. ಆ ದೊಡ್ಡ ಕೋಟಿನ ಮನುಷ್ಯ ನನ್ನ ಅಕ್ಕನ ಜಾಗದಲ್ಲಿ, ಮಡಿಲಲ್ಲಿ ಸ್ಟೂಲು ಇಟ್ಟುಕೊಂಡು ಕೂತಿದ್ದರು.

"ಹೊಲಿಗೆ ಗಟ್ಟಿಯಾಗಿದೆ" ಎಂದರು, ಇಳಿದು ಗಾಡಿಯ ಕೆಳಗೆ ಹೋದರು. ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಒಂದಕ್ಕೂ ಅವರು ಓಗೊಡಲಿಲ್ಲ.

ಹೊರಬಂದವರು ಕೈ ಒರೆಸಿಕೊಳ್ಳುತ್ತ, "ತಪ್ಪು ನಂದೇ. ಒಂದೇ ಸಲ ಕೇಳ್ದೆ. ಇನ್ನೊಂದ್ಸಲ ಕೇಳ್ಬೇಕಿತ್ತು. ನಾಳೆ ಅವರನ್ನ ಕರ್ಕೊಂಡ್ ಬನ್ನಿ" ಎಂದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಗೆಳೆಯನೂ ಅಂದು ತಮಾಷೆ ಮಾಡಲಿಲ್ಲ.

ಅಕ್ಕ ಬಂದಳು. ಮೇಷ್ಟ್ರು ಕುರ್ಚಿಯನ್ನು ಕೋಟಿನ ತೋಳಿನಿಂದ ಒರೆಸಿ ಇನ್ನಷ್ಟು ಕೊಳೆ ಮಾಡಿದರು. ಆಮೇಲೆ ಸೀಮೆಸುಣ್ಣ ಕೊಟ್ಟು ಮುಖ ತಿರುಗಿಸಿದರು.

"ಅಳತೆ ತಗೊಳ್ಳೋದು ನನ್ ಕೆಲಸ. ಅಳತೆ ಕೊಡೋದು ಇದೇ ಮೊದಲು" ಎನ್ನುತ್ತ ಅಕ್ಕ ಗೆರೆ ಎಳೆದಳು. ಅದು ಕಂಬದ ಬುಡಕ್ಕೆ ಬಹಳ ಹತ್ತಿರವಿತ್ತು. ಮೇಷ್ಟ್ರು ಅದರ ಪಕ್ಕ ಒಂದು ಕತ್ತರಿ ಬಿಡಿಸಿದರು. ಅವಳ ಕಣ್ಣು ಅವರ ಕೋಟಿನ ಮೇಲಿತ್ತು. "ಬಲಜೇಬು ಹರಿದಿದೆಯಲ್ಲ ಮೇಷ್ಟ್ರೇ, ಬಿಚ್ಕೊಡಿ, ಹೊಲಿದುಕೊಡ್ತೀನಿ."

"ಬೇಡಮ್ಮ. ಕೈ ಅದೇ ತೂತಲ್ಲಿ ಹೋಗಿ ಅಭ್ಯಾಸ. ಸರಿಮಾಡಿದ್ರೆ ದಾರಿ ತಪ್ಪುತ್ತೆ."

ಮಧ್ಯಾಹ್ನದ ಹೊತ್ತಿಗೆ ಎರಡಿಂಚಿನ ಬಿಲ್ಲೆಗಳು ಹೋಗಿ ಒಂದಿಂಚಿನವು ಬಂದಿದ್ದವು. ಎಡಬಾಗಿಲ ಕೆಳಗೆ ಕಾಲು ಜಾರದಂತೆ ಗೀರುಗಳಿದ್ದ ತಗಡಿನ ಮೆಟ್ಟಿಲು. ಚಕ್ರಗಳು ನೆಲಕ್ಕಿಳಿದವು. "ನೀವು ಒಳಗೆ ಕೂತ್ಕೊಳ್ಳಿ ಅಮ್ಮ, ನಿಮ್ಮ ಭಾರಾನೂ ಲೆಕ್ಕಕ್ಕೆ ಬರ್ಲಿ" ಎಂದು ಮೇಷ್ಟ್ರು ಕೆಳಗೆ ನುಸುಳಿದರು. ಟಕ್.

"ಆಯ್ತಮ್ಮಾ, ಆಯ್ತು."

"ಇಷ್ಟು ಬೇಗನಾ?" ಎಂದಳು ಅಕ್ಕ ಮೇಲಿನಿಂದ. ಅವರು ಕೆಳಗೆ ನಗುವುದು ಕೇಳಿಸಿತು.

ಇಳಿದು ಬಂದ ಅಕ್ಕನಿಗೆ ಸಂಕೋಚ. "ನನ್ ದೆಸೆಯಿಂದ ನಿಮಗೆ ಎರಡೆರಡು ಸಲ ಕೆಲಸ."

"ಇಲ್ಲಮ್ಮ. ಮೊದಲ್ನೇ ದಿನಾನೇ ನಾನು ಕೇಳ್ಬೇಕಿತ್ತು. ಮರೆತೆ. ವಯಸ್ಸಾಯ್ತು ನೋಡಿ."

ಮೂವತ್ತು ವರ್ಷಗಳಲ್ಲಿ ಯಾರೊಬ್ಬರನ್ನೂ ಕೇಳಲು ಮರೆಯದ ಮನುಷ್ಯ ಇದನ್ನು ಹೇಳುತ್ತಿದ್ದರು. ಹಿಂದೆ ಆ ಕಂಬ ನಿಂತಿತ್ತು. ಕೇಳದೆ ಗಾಡಿ ಮುಟ್ಟುವುದಿಲ್ಲ ಎಂಬ ತಮ್ಮ ಕಸುಬಿನ ಹೆಮ್ಮೆಯನ್ನೇ ನನ್ನ ಮಾನ ಮುಚ್ಚಲು ಬಿಟ್ಟುಕೊಟ್ಟಿದ್ದರು. ಕೈಕೆಲಸದಲ್ಲಿ ಪಳಗಿದ ಇಂಥ ಕೆಲವರು ಎಲ್ಲ ಊರುಗಳಲ್ಲೂ ಇರುತ್ತಾರೆ. ವಸ್ತುವಿಗೆ ಎಷ್ಟು ಬಿಗಿ ಸಾಕೆಂದು ಕೈಯಿಂದ ಕಲಿತವರು ಮನುಷ್ಯನಿಗೂ ಅದಕ್ಕಿಂತ ಹೆಚ್ಚು ಬಿಗಿಯುವುದಿಲ್ಲ. ಅವರು ನಮ್ಮನ್ನು ಎತ್ತಿ ಹಿಡಿಯುವುದೂ ಇಲ್ಲ, ಕೆಡವುವುದೂ ಇಲ್ಲ. ಮೆಲ್ಲನೆ ನೆಲಕ್ಕಿಳಿಸಿ, ನಮ್ಮ ಭಾರವನ್ನು ನಮ್ಮ ಕಾಲಿಗೇ ಬಿಟ್ಟು ಸರಿದು ನಿಲ್ಲುತ್ತಾರೆ. ಅವರ ಮುಂದೆ ಆಗುವ ನಾಚಿಕೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಏಕೆಂದರೆ ಅದು ಅವರು ಕೊಟ್ಟದ್ದಲ್ಲ.

"ಮರೆತಿದ್ದಲ್ಲ ಅಕ್ಕಾ" ಎಂದೆ. "ಅವರು ಕೇಳಿದ್ರು. ನಾನೇ..."

ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಅಕ್ಕ ತಿರುಗಿದಳು. "ನೀನೇ? ನೀನೇ ಏನೋ?"

ಉಳಿದದ್ದನ್ನು ನಾನು ಮೇಷ್ಟ್ರ ಮುಖ ನೋಡಿ ಹೇಳಹೊರಟಿದ್ದೆ. ಅಲ್ಲಿ ಹೇಳುವುದು ಸುಲಭವಿತ್ತು. ಅವರು ಕತ್ತು ಇನ್ನಷ್ಟು ವಾಲಿಸಿ, "ಸ್ಪ್ಯಾನರ್ ಎಲ್ಲಿಟ್ನೋ ಏನೋ, ನೋಡ್ಕೊಂಡ್ ಬರ್ತೀನಿ ಇರಿ" ಎಂದು ಗೊಣಗಿ ಬೆನ್ನು ತಿರುಗಿಸಿದರು. ನಾನು ಅಕ್ಕನ ಕಡೆ ತಿರುಗಿ ಮಾತು ಮುಂದುವರಿಸಿದಾಗ, ಅವರು ಒಂದೊಂದೇ ಹೆಜ್ಜೆ ಊರಿ, ಭಾರ ಬಿಟ್ಟು, ಗ್ಯಾರೇಜಿನ ಒಳಕ್ಕೆ ನಡೆದುಹೋಗುತ್ತಿದ್ದರು. ಸ್ಪ್ಯಾನರು ಅವರ ಕೈಯಲ್ಲೇ ಇತ್ತು.