ಸಲಾಲಾದ ಜಿನುಗು ಮಳೆ

"ಇದು ಭಾಳ ನಿಧಾನ ಆಗೈತಲ್ರಿ," ಎಂದ ಯೂನುಸ. ಪರದೆಯ ಮೇಲೆ ಪುಟವೊಂದು ಅರ್ಧ ತೆರೆದು ನಿಂತಿತ್ತು. ಅವನು ಮೌಸನ್ನು ಎತ್ತಿ, ತಳ ಒರೆಸಿ, ಮತ್ತೆ ಮೇಜಿನ ಮೇಲಿಟ್ಟ.

ತಸ್ಲೀಮ್ ಅವನ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯ ಆ ಇಂಟರ್‌ನೆಟ್ ಸೆಂಟರಿನಲ್ಲಿ ಮೂರು ಕಂಪ್ಯೂಟರುಗಳಿದ್ದವು. ಬಾಗಿಲ ಪಕ್ಕದ್ದು ಅವಳದು. ಅದರ ಮುಂದೆಯೇ ಅವನು ಕೂತಿದ್ದ. ಒಮಾನಿಗೆ ಕೆಲಸಕ್ಕೆ ಹೋದವನು ಎರಡು ವರ್ಷದ ಮೇಲೆ, ಈ ಜುಲೈಯಲ್ಲಿ, ಮೊದಲ ಸಲ ಊರಿಗೆ ಬಂದಿದ್ದ. ಉಸ್ತಾದರ ಕೈಗೇ ತನ್ನ ಲಗ್ನಪತ್ರಿಕೆ ಕೊಡಬೇಕೆಂದು ಬಂದರೆ ಉಸ್ತಾದರು, ಅಂದರೆ ತಸ್ಲೀಮಳ ಅಪ್ಪ ರಾಜಾಸಾಬರು, ಹಗರಿಬೊಮ್ಮನಹಳ್ಳಿಗೆ ಹೋಗಿದ್ದರು. ಅವರು ಬರುವ ತನಕ ಕಾಯುವುದಾಗಿ ಹೇಳಿದ್ದ. ಹುಡುಗಿ ಹೊಸಪೇಟೆಯವಳಂತೆ. ತಸ್ಲೀಮ್ ಪತ್ರಿಕೆ ಓದಿ, ಅಚ್ಚು ಚೆನ್ನಾಗಿ ಬಂದಿದೆ ಎಂದು ಹೇಳಿ, ಪ್ರಿಂಟರಿನ ಮೇಲಿಟ್ಟಳು. ಮುಂದೆ ಏನು ಮಾತಾಡಬೇಕೋ ತೋಚದೆ, ಕಂಪ್ಯೂಟರ್ ತೊಂದರೆ ಕೊಡುತ್ತಿದೆ, ಸ್ವಲ್ಪ ನೋಡುತ್ತೀರಾ ಎಂದು ಕೇಳಿದ್ದಳು.

ಕೂಡ್ಲಿಗಿಯ ಯೂನುಸ ಮೊದಲು ರಾಜಾಸಾಬರ ಹತ್ತಿರ ರೇಡಿಯೊ ರಿಪೇರಿ ಕಲಿಯಲು ಬಂದವನು. ರೇಡಿಯೊ ತರುವವರು ಕಡಿಮೆಯಾದಾಗ ಕಂಪ್ಯೂಟರ್ ಹಾಕೋಣ ಎಂದು ಉಸ್ತಾದರನ್ನು ಒಪ್ಪಿಸಿದವನೂ ಅವನೇ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ತಸ್ಲೀಮ್ ಸೆಂಟರ್ ನೋಡಿಕೊಳ್ಳತೊಡಗಿದಳು. ಆದರೆ ಸುರುವಿನಲ್ಲೇ ಒಂದು ಪೇಚು ಬಂತು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಬ್ರೌಸರಿನಲ್ಲಿ ಯಾವ ಪುಟ ತೆರೆದರೂ, ಕೇಳದೆಯೇ ಇನ್ನೊಂದು ಕಿಟಕಿ ತೆರೆದುಕೊಂಡು ಕಣ್ಣೆತ್ತಿ ನೋಡಲಾಗದಂಥ ಚಿತ್ರಗಳು ಬರುತ್ತಿದ್ದವು. ಕಾಲೇಜಿನ ಹುಡುಗಿಯರು ಸೆಂಟರಿಗೆ ಬರುವುದನ್ನೇ ಬಿಟ್ಟರು. ಹೆಣ್ಣುಮಗಳು ಕೂರುವ ಜಾಗವೇ ಇದು, ಮುಚ್ಚಿಬಿಡಿ ಎಂದು ತಾಯಿ ಫಾತಿಮಾ ಬೀ ಹಟ ಹಿಡಿದಳು.

ಯೂನುಸ ಬೇರೆ ಬ್ರೌಸರುಗಳನ್ನು ಒಂದೊಂದಾಗಿ ಹಾಕಿ ನೋಡಿದ. ಒಂದರಲ್ಲಿ ಕನ್ನಡದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಇನ್ನೊಂದು ಆ ಹಳೆಯ ಕಂಪ್ಯೂಟರಿಗೆ ಭಾರವಾಯಿತು. ಕೊನೆಗೆ ಕಿತ್ತಳೆ ಬಣ್ಣದ ನರಿಯ ಚಿತ್ರವಿದ್ದ ಬ್ರೌಸರೇ ಸರಿಹೋಯಿತು. ಅದಕ್ಕೆ ನಮಗೆ ಬೇಕಾದ ಸಣ್ಣ ಸಲಕರಣೆಗಳನ್ನು ಮೇಲಿಂದ ಜೋಡಿಸಿಕೊಳ್ಳಬಹುದು, ಅವಕ್ಕೆ ಆಡ್‌ಆನ್ ಅನ್ನುತ್ತಾರೆ ಎಂದು ಅವನು ತಸ್ಲೀಮಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ತೋರಿಸಿದ್ದ. ಜಾಹೀರಾತು ತಡೆಯುವುದು ಮೊದಲು ಬಂತು. ಆಮೇಲೆ ಕನ್ನಡ ಟೈಪ್ ಮಾಡುವುದು. ಯಾವುದು ಬೇಕು, ಯಾವುದು ಸುಮ್ಮನೆ ಭಾರ ಎಂದು ಆರಿಸುವುದರಲ್ಲಿ ಎಷ್ಟೋ ಮಧ್ಯಾಹ್ನಗಳು ಕಳೆದವು. ಹುಡುಗಿಯರು ಮತ್ತೆ ಬರತೊಡಗಿದರು.

ಒಮಾನಿನ ಸಲಾಲಾ ಎಂಬ ಊರಿನ ಮೊಬೈಲ್ ಅಂಗಡಿಯಲ್ಲಿ ಕೆಲಸ ಸಿಕ್ಕಿ ಹೊರಡುವ ದಿನ ಅವನು ಇನ್ನೊಂದು ಆಡ್‌ಆನ್ ಹಾಕಿದ. ಪರದೆಯ ಕೆಳಗಿನ ಮೂಲೆಯಲ್ಲಿ ಸಲಾಲಾದ ಹವಾಮಾನ ಕಾಣುತ್ತಿತ್ತು. "ಅಲ್ಲಿ ಮಳಿ ಬಂದ್ರ ಇಲ್ಲಿ ಕುಂತಲ್ಲೇ ಗೊತ್ತಾಗ್ತೈತಿ ನೋಡ್ರಿ ನಿಮಗ," ಎಂದಿದ್ದ. ಅಷ್ಟೇ. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಅಂದೂ ಹೇಳಲಿಲ್ಲ, ಆಮೇಲೆ ರಾಜಾಸಾಬರಿಗೆ ಅಪರೂಪಕ್ಕೆ ಮಾಡುತ್ತಿದ್ದ ಫೋನಿನಲ್ಲೂ ಹೇಳಲಿಲ್ಲ. ಬರಬರುತ್ತ ಫೋನೂ ನಿಂತಿತು.

ತಸ್ಲೀಮ್ ಮಾತ್ರ ಬೆಳಿಗ್ಗೆ ಬಂದು ಕಸ ಗುಡಿಸಿ, ಕಂಪ್ಯೂಟರ್ ಹಚ್ಚಿದ ಕೂಡಲೇ ಆ ಮೂಲೆ ನೋಡುತ್ತಿದ್ದಳು. ಮರಳುಗಾಡಿನ ದೇಶದಲ್ಲೂ ಆ ಒಂದು ಊರಿಗೆ ಜೂನ್ ಕಳೆಯುತ್ತಲೇ ಜಿನುಗು ಮಳೆ ಹಿಡಿಯುತ್ತದೆಂದು ಅವಳಿಗೆ ತಿಳಿದದ್ದು ಹಾಗೆ. ಸಣ್ಣ ಮೋಡದ ಚಿತ್ರ, ಅದರ ಕೆಳಗೆ ಹನಿ, ಪಕ್ಕದಲ್ಲಿ ಇಪ್ಪತ್ತೈದು ಡಿಗ್ರಿ. ಆ ಊರಿನ ಫೋಟೊಗಳನ್ನು ಹುಡುಕಿ ಹಸಿರು ಗುಡ್ಡಗಳನ್ನು ನೋಡಿದ್ದಳು. ಅಂಗಡಿಯ ಬಾಗಿಲಲ್ಲಿ ಅವನು ಮಳೆ ನೋಡುತ್ತ ನಿಂತಿರಬಹುದು, ಚಾ ತರಿಸಿಕೊಂಡಿರಬಹುದು ಎಂದುಕೊಳ್ಳುತ್ತಿದ್ದಳು. ಹಡಗಲಿಯಿಂದ ಒಂದು ಸಂಬಂಧ, ಹರಪನಹಳ್ಳಿಯಿಂದ ಒಂದು ಸಂಬಂಧ ಬಂದವು. ಸೆಂಟರ್ ಈಗಷ್ಟೇ ನಡೆಯುತ್ತಿದೆ, ಬಿಟ್ಟು ಹೇಗೆ ಹೋಗಲಿ ಎಂದಳು. ರಾಜಾಸಾಬರು ನಂಬಿದರು. ಫಾತಿಮಾ ಬೀ ನಂಬಲಿಲ್ಲ, ಆದರೆ ಏನೂ ಕೇಳಲಿಲ್ಲ.

"ಈ ಬ್ರೌಸರಿಂದು ಹೊಸ ವರ್ಶನ್ ಬಂದೈತ್ರಿ. ಅದನ್ನ ಹಾಕಿದ್ರ ಹಗುರ ಆಗ್ತೈತಿ," ಎಂದ ಯೂನುಸ. ಆಡ್‌ಆನುಗಳ ಕಿಟಕಿ ತೆರೆದು, ಯಾವುದು ಹೊಸದಕ್ಕೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಮೇಲಿನಿಂದ ನೋಡುತ್ತ ಬಂದ. ಜಾಹೀರಾತಿನದು ಇರಲಿ ಎಂದ. ಟೈಪಿಂಗಿನದೂ ಇರಲಿ. ಆಮೇಲೆ ಅವನ ಕೈ ನಿಂತಿತು. ಪರದೆಯ ಕೆಳಮೂಲೆಗೆ ಬಗ್ಗಿ ನೋಡಿದ.

"ಇದು ಇನ್ನೂ ಐತೇನ್ರಿ?"

ತಸ್ಲೀಮ್ ಹೂಂ ಎಂದಳು. ಅಲ್ಲಿ ಈಗಲೂ ಮಳೆಯೇ ಅಲ್ಲವೇ, ನೀವು ಬರುವಾಗಲೂ ಜಿನುಗುತ್ತಿತ್ತೇ ಎಂದು ಕೇಳಿದಳು.

ಅವನು ತಿರುಗಿ ನೋಡಲಿಲ್ಲ. "ನಾ ಸಲಾಲಾದಾಗ ಇದ್ದದ್ದು ನಾಕೈದು ತಿಂಗಳಷ್ಟರಿ," ಎಂದ. "ಆ ಅಂಗಡಿ ಮುಚ್ಚಿದ್ರು. ಆಮ್ಯಾಲೆ ನಿಜ್ವಾ ಅಂತ ಇನ್ನೊಂದ್ ಊರಿಗೆ ಹೋದೆ. ಅಲ್ಲಿ ಮಳಿ ಎಲ್ಲಿಂದ ಬರ್ಬೇಕ್ರಿ. ಬರೇ ಬಿಸಲು."

ಓಣಿಯಲ್ಲಿ ಆಟೊ ಒಂದು ಸದ್ದು ಮಾಡುತ್ತ ಹೋಯಿತು. ಫ್ಯಾನಿನ ಗಾಳಿಗೆ ಪ್ರಿಂಟರಿನ ಮೇಲಿದ್ದ ಪತ್ರಿಕೆಯ ಅಂಚು ಏಳುತ್ತಿತ್ತು. ತಸ್ಲೀಮ್ ಅದರ ಮೇಲೆ ಸ್ಟೇಪ್ಲರ್ ಇಟ್ಟಳು. ನಮಗೆ ಯಾರೂ ಹೇಳಲಿಲ್ಲವಲ್ಲ ಎನ್ನಬೇಕೆನಿಸಿತು. ಹೇಳಲು ಅವನಿಗೆ ಯಾವ ಕಾರಣವಿತ್ತು ಎಂದೂ ಅನಿಸಿತು.

ಯೂನುಸ ಮತ್ತೆ ಆಡ್‌ಆನುಗಳ ಕಿಟಕಿಗೆ ಬಂದ. ತಗ್ಗಿದ ದನಿಯಲ್ಲಿ, "ಇದು ಹೊಸದಕ್ಕ ಹೊಂದಂಗಿಲ್ರಿ. ತಗಿಲೇನ್ರಿ?" ಎಂದ.

"ನೀವು ಬಿಡ್ರಿ. ನಾನ ತಗೀತೀನಿ," ಎಂದಳು ತಸ್ಲೀಮ್.

ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. ಇನ್ನೆರಡು ಕಂಪ್ಯೂಟರುಗಳಿಗೆ ಹೊಸ ವರ್ಶನ್ ಹಾಕಿಕೊಟ್ಟ. ಅಷ್ಟರಲ್ಲಿ ರಾಜಾಸಾಬರು ಬಂದು ಅವನನ್ನು ತಬ್ಬಿಕೊಂಡರು, ಲಗ್ನಕ್ಕೆ ಮನೆಮಂದಿಯೆಲ್ಲ ಬರುತ್ತೇವೆ ಎಂದರು, ಚಾ ಕುಡಿಸಿದರು. ಕೂಡ್ಲಿಗಿ ಬಸ್ಸಿಗೆ ಹತ್ತಿಸಿ ಬರಲು ತಾವೂ ಜೊತೆಗೆ ಹೊರಟರು. ಬಾಗಿಲಲ್ಲಿ ಯೂನುಸ ಬರ್ತೀನ್ರಿ ಎಂದ. ತಸ್ಲೀಮ್ ತಲೆಯಾಡಿಸಿದಳು.

ಒಬ್ಬಳೇ ಆದ ಮೇಲೆ ಅವಳು ತನ್ನ ಕಂಪ್ಯೂಟರಿನ ಮುಂದೆ ಕೂತಳು. ಹವಾಮಾನದ ಆಡ್‌ಆನಿನಲ್ಲಿ ಊರಿನ ಹೆಸರು ಅಳಿಸಿ ನಿಜ್ವಾ ಎಂದು ಹಾಕಿದಳು. ಸೂರ್ಯನ ಚಿತ್ರ ಬಂತು, ಪಕ್ಕದಲ್ಲಿ ನಲವತ್ತನಾಲ್ಕು. ತಾನು ಇಲ್ಲಿ ಜಿನುಗು ಮಳೆಯನ್ನು ನೋಡುತ್ತ ಕೂತ ಎಷ್ಟೋ ದಿನಗಳಲ್ಲಿ ಅವನು ಆ ಬಿಸಿಲಿನಲ್ಲಿದ್ದ. ಅದನ್ನೂ ಅಳಿಸಿ ಕೊಟ್ಟೂರು ಎಂದು ಹಾಕಿ ನೋಡಿದಳು. ಅಂಥ ಊರು ಇಲ್ಲ ಎಂದಿತು. ಕೂಡ್ಲಿಗಿಯೂ ಇರಲಿಲ್ಲ. ಅವಳು ಆ ಆಡ್‌ಆನನ್ನು ತೆಗೆದು, ಹೊಸ ವರ್ಶನ್ ಇಳಿಸಲು ಬಿಟ್ಟಳು.

"ತಸ್ಲೀಮ್, ಮಳಿ ಬರೋ ಹಂಗೈತೇನು ನೋಡು. ಕೌದಿ ಒಣಹಾಕೀನಿ," ಎಂದು ಸೆಂಟರಿಗೆ ಹತ್ತಿಕೊಂಡಿದ್ದ ಮನೆಯ ಹಿತ್ತಲಿನಿಂದ ಫಾತಿಮಾ ಬೀ ಕೂಗಿದಳು.

ತಸ್ಲೀಮ್ ಹೊರಗೆ ಬಂದು ತಲೆಯೆತ್ತಿದಳು. ಪಡುವಣ ಕಡೆ ಮೋಡ ಕಟ್ಟಿತ್ತು. ಮಳೆಯಾಗುವುದೋ ಇಲ್ಲವೋ ತಿಳಿಯುವಂತಿರಲಿಲ್ಲ. ಕೌದಿ ಹರವಿದ್ದ ಮಾಳಿಗೆ ಹತ್ತಿದಳು. ತಾಯಿ ಆಗಲೇ ಮೇಲೆ ಬಂದು ಅದರ ಒಂದು ತುದಿ ಹಿಡಿದು ನಿಂತಿದ್ದಳು. ಇನ್ನೊಂದು ತುದಿಯನ್ನು ತಸ್ಲೀಮ್ ಹಿಡಿದಳು. ಇಬ್ಬರೂ ಒಮ್ಮೆ ಜೋರಾಗಿ ಕೊಡವಿ, ಅರ್ಧ ಹಸಿ ಇದ್ದ ಆ ಭಾರದ ಬಟ್ಟೆಯನ್ನು ಮಡಚುತ್ತ ಒಬ್ಬರ ಕಡೆಗೊಬ್ಬರು ನಡೆದು ಬಂದರು.