ಕತ್ತರಿಸಿ ಎಂದ ಎರಡು ನಿಮಿಷ

ಗಡಿಯಾರ ರಿಪೇರಿಯವನ ಹೆಂಡತಿ ಬಟ್ಟೆ ಅಂಗಡಿಯೊಂದರ ಮೂರನೇ ಮಹಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಅವಳು ಹತ್ತಿದ್ದ ಲಿಫ್ಟಿನ ತಂತಿ ಹರಿಯಿತು. ಜೀವ ಉಳಿಯಿತು, ಆದರೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು.

ಕಟ್ಟಡದ ಮಾಲೀಕನ ಮೇಲೆ ಪರಿಹಾರದ ಕೇಸು ಹಾಕಿದ ಲಾಯರಮ್ಮ, ಡಾಕ್ಟರ ವರದಿ ಎಷ್ಟೇ ದಪ್ಪಗಿದ್ದರೂ ಕಷ್ಟ ಕಣ್ಣಿಗೆ ಕಟ್ಟುವುದಿಲ್ಲ ಎಂದರು. ಅವಳ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದನ್ನು ವಿಡಿಯೊ ಮಾಡಿಸಿ ಕೋರ್ಟಿನ ಮುಂದಿಡೋಣ, ನಟನೆ ಮಾತ್ರ ಕೂಡದು ಎಂದು ಎಚ್ಚರಿಸಿದರು.

ಹೇಳಿದ ದಿನ ಬೆಳಗ್ಗೆ ಏಳಕ್ಕೆ ಕ್ಯಾಮೆರಾದ ಹೆಂಗಸು ಬಂದಳು. ಮಾತು ಕಡಿಮೆ, ಬೀರುವಿನ ಪಕ್ಕ ಗೋಡೆಗೆ ಒರಗಿ ನಿಂತುಬಿಟ್ಟಳು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಹದಿನಾಲ್ಕು ತಿಂಗಳಿಂದ ತಾನು ಪಡುತ್ತಿರುವ ಪಾಡು ಇವತ್ತಾದರೂ ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಆಸೆ ಅವನಿಗಿತ್ತು. ಹೆಂಡತಿಯನ್ನು ಮಗ್ಗುಲಾಗಿಸಿ ಮೈ ಒರೆಸಿದ, ಕಾಲುಚೀಲ ಏರಿಸಿದ, ಬೆನ್ನ ಹಿಂದಿನಿಂದ ತಬ್ಬಿ ಎತ್ತಿ ಗಾಲಿಕುರ್ಚಿಗೆ ಕೂರಿಸಿದ. ಆಮೇಲೆ ತಲೆ ಬಾಚಿದ. ಫಿಸಿಯೋಥೆರಪಿಯವನು ಬರುವ ದಿನಗಳಲ್ಲಿ ಮಾತ್ರ ಅವಳು ತಾನಾಗಿಯೇ ಕೇಳಿ ತಲೆ ಬಾಚಿಸಿಕೊಳ್ಳುತ್ತಿದ್ದಳು. ಬಾಚುವಾಗಲೆಲ್ಲ ಅವನಿಗೆ ಒಳಗೊಳಗೇ ಏನೋ ಚುಚ್ಚುತ್ತಿತ್ತು. ಹತ್ತಕ್ಕೆ ಫಿಸಿಯೋಥೆರಪಿಯವನು, ಆ ಎತ್ತರದ ಯುವಕ, ಬಂದ. ಇವನು ಎಂದಿನಂತೆ ಕೆಳಗಿನ ಅಂಗಡಿ ತೆರೆಯಲು ಹೋದ.

ವಾರದ ನಂತರ ಅವನೊಬ್ಬನೇ ಲಾಯರಮ್ಮನ ಆಫೀಸಿಗೆ ಹೋಗಿ ವಿಡಿಯೊ ನೋಡಿದ. ಮೊದಲ ಇಪ್ಪತ್ತನಾಲ್ಕು ನಿಮಿಷದಲ್ಲಿ ಅವನ ಮುಖವೇ ಇರಲಿಲ್ಲ. ಎರಡು ಕೈ, ಒಂದು ಮೊಣಕೈ, ನೆತ್ತಿಯ ಬೋಳು, ಅಷ್ಟೆ. ಆಮೇಲೆ ಫಿಸಿಯೋಥೆರಪಿಯವನು ಬಂದ, ಪೂರ್ತಿ ಮುಖದೊಂದಿಗೆ. ಮಂಡಿ ಮಡಚದಂತೆ ಕಾಲಿಗೆ ಆಸರೆಯ ಪಟ್ಟಿ ಬಿಗಿದುಕೊಂಡು ಅವಳು ಅವನ ಎರಡೂ ತೋಳು ಹಿಡಿದು ಎದ್ದು ನಿಂತಳು. ಅವನೇನೋ ಅಂದ, ಅವಳು ನಕ್ಕಳು. ಗಂಟಲು ಬಿಟ್ಟು ನಕ್ಕಳು. ಆ ನಗು ಲಿಫ್ಟಿನ ಜೊತೆಗೇ ಬಿದ್ದುಹೋಯಿತೆಂದು ಗಂಡ ನಂಬಿದ್ದ. ಅದು ವಾರಕ್ಕೆ ಮೂರು ದಿನ ತನ್ನ ಮನೆಯಲ್ಲೇ, ತಾನು ಕೆಳಗೆ ಗಡಿಯಾರದ ಮುಳ್ಳು ಜೋಡಿಸುತ್ತ ಕೂತಾಗ ಹೊಮ್ಮುತ್ತಿತ್ತು. 

ಆ ಎರಡು ನಿಮಿಷ ತೆಗೆದುಬಿಡಿ, ನೋಡಿದವರು ಅವಳಿಗೆ ವಾಸಿಯಾಗಿದೆ ಅಂದುಕೊಳ್ಳುತ್ತಾರೆ ಎಂದು ಅವನು ವಾದ ಹೂಡಿದ. ಲಾಯರಮ್ಮ ಒಪ್ಪಲಿಲ್ಲ. ಚಿತ್ರೀಕರಿಸಿದ್ದೆಲ್ಲ ಎದುರು ಪಕ್ಷದವರ ಕೈಗೂ ಹೋಗುತ್ತದೆ, ಮುಚ್ಚಿಟ್ಟರೆ ನಾವೇ ಸುಳ್ಳುಗಾರರಾಗುತ್ತೇವೆ ಎಂದರು. ಅದಲ್ಲದೆ ಎರಡು ನಿಮಿಷ ನಿಂತದ್ದಕ್ಕೆ ಅವಳು ಮುಕ್ಕಾಲು ಗಂಟೆ ನಡುಗುತ್ತ ಮಲಗಿದ್ದೂ ಅದರ ಬೆನ್ನಿಗೇ ಇತ್ತು. ಅದನ್ನು ಅವನು ನೋಡಿರಲೇ ಇಲ್ಲ. ನಗು ಕಂಡಮೇಲೆ ಅವನ ಕಣ್ಣಿಗೆ ಬೇರೇನೂ ಬಿದ್ದಿರಲಿಲ್ಲ.

ಮನೆಗೆ ಬಂದು ಹೆಂಡತಿಯ ಬಳಿ ಸುಳ್ಳು ಹೇಳಿದ: ಆ ಭಾಗದಿಂದ ಕೇಸಿಗೆ ಪೆಟ್ಟಂತೆ, ನೀನೇ ಫೋನ್ ಮಾಡಿ ಬೇಡ ಅನ್ನಬೇಕಂತೆ. ಅವಳು ಫೋನ್ ಮಾಡಿದಳು. ಲಾಯರಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಫೋನ್ ಇಟ್ಟು ಅವಳು ಕೇಳಿದಳು:

"ನಾನು ನಕ್ಕಿದ್ದು ನಿಮಗೆ ಸಹಿಸೋಕಾಗ್ಲಿಲ್ಲ, ಅಲ್ವಾ?"

"ಅವನ ಜೊತೆ ನಗ್ತೀಯ. ನನ್ನ ಜೊತೆ ಒಂದಿನಾನೂ ಇಲ್ಲ."

"ಅವನು ಎದುರಿಗೆ ನಿಂತು ಮಾತಾಡ್ತಾನೆ ಕಣ್ರೀ. ಹಿಡ್ಕೋ, ಬಿದ್ರೆ ಇಬ್ರೂ ಬೀಳೋಣ ಅಂತಾನೆ. ನೀವು ಎತ್ತೋದೂ ಹಿಂದಿನಿಂದ, ತಳ್ಳೋದೂ ಹಿಂದಿನಿಂದ. ಕೆಲಸ ಮುಗೀತಿದ್ದ ಹಾಗೆ ಅಂಗಡಿಗೆ ಇಳಿದುಬಿಡ್ತೀರಿ. ನಿಮ್ಮ ಮುಖ ನೋಡಿ ಎಷ್ಟು ದಿನ ಆಯ್ತು ಗೊತ್ತಾ?"

 ಸುಳ್ಳು ಹೇಳಿದ್ದು ತಪ್ಪಾಯಿತು ಎಂದ ಅವನು. 

ವಿಡಿಯೊ ಇದ್ದಂತೆಯೇ ಕೋರ್ಟಿಗೆ ಹೋಯಿತು. ಅದನ್ನು ನೋಡಿದ ಮಾಲೀಕನ ಕಡೆಯವರು ತಿಂಗಳೊಳಗೆ ರಾಜಿಗೆ ಬಂದರು. ಲಾಯರಮ್ಮ ಹೇಳಿದ ಪ್ರಕಾರ, ಇದು ನಟನೆಯಲ್ಲ ಎಂದು ತೋರಿಸಿ ಅವರ ಬಾಯಿ ಕಟ್ಟಿದ್ದು ಆ ನಗು ಮತ್ತು ಅದರ ಹಿಂದೆಯೇ ಬಂದ ನಡುಕ.

ಅಷ್ಟರಲ್ಲಿ ಒಂದು ಸೋಮವಾರ ಅವನು ಹತ್ತಕ್ಕೆ ಅಂಗಡಿಗೆ ಇಳಿಯದೆ ಮೇಲೆಯೇ ಉಳಿದಿದ್ದ. ಎದುರಿನಿಂದ ಎತ್ತುವುದು ಹೇಗೆಂದು ತನಗೂ ಕಲಿಸಲು ಫಿಸಿಯೋಥೆರಪಿಯವನನ್ನು ಕೇಳಿದ. ಆತ ಖುಷಿಯಿಂದಲೇ ತೋರಿಸಿಕೊಟ್ಟ. ಮೊದಲ ಸಲ ಗಂಡನ ತೋಳು ಹಿಡಿದು ನಿಂತಾಗ ಅವಳು ನಗಲಿಲ್ಲ, ಬೆವರಿದಳು. ಆದರೆ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆ ಹುಡುಗ ಸ್ವಲ್ಪ ಜಾಸ್ತಿಯೇ ಹಲ್ಲು ಕಿರಿಯುತ್ತಾನೆ ಎಂಬ ಅಭಿಪ್ರಾಯವನ್ನು ಮಾತ್ರ ಅವನು ಇನ್ನೂ ಬಿಟ್ಟಿಲ್ಲ.