ಸೀಟಿ ಊದಿದ ಮೇಲೆ

ಗುಡ್ಲೋ ಯಾವ ಶಾಲೆಯಲ್ಲೂ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವವನಲ್ಲ. ಮೇ ತಿಂಗಳು ಬಂತೆಂದರೆ ದಿನಕ್ಕೆ ಆರು ಊರು, ಆರು ಮೈದಾನ. ಕಾಲೇಜಿನ ಲಾಂಛನವಿರುವ ಅಂಗಿ ತೊಟ್ಟು, ಬೇಯಿಸಿದ ಕಡಲೆಕಾಯಿ ಮೆಲ್ಲುತ್ತ ಬೇಲಿಗೆ ಒರಗುವುದು, ಹೈಸ್ಕೂಲು ಹುಡುಗರಲ್ಲಿ ಯಾವನು ನಾಳೆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆದಾನು ಎಂದು ಅಳೆಯುವುದು, ಮುಂದಿನ ಊರಿಗೆ ಕಾರು ತಿರುಗಿಸುವುದು. ದಕ್ಷಿಣ ಅಲಬಾಮಾದಲ್ಲಿ ಹದಿನೆಂಟು ವರ್ಷ ಇದನ್ನೇ ಮಾಡಿದವನ ಕಣ್ಣಿಗೆ ಎದುರಾಳಿ ಕಾಲೇಜಿನವರೂ ಬೆಲೆ ಕೊಡುತ್ತಿದ್ದರು. ಗುಡ್ಲೋ ಮೆಚ್ಚಿದ ಹುಡುಗ ಎಂದರೆ ಮುಗಿಯಿತು, ಉಳಿದವರು ಹಿಂದೆ ಮುಂದೆ ನೋಡದೆ ಮುಗಿಬೀಳುತ್ತಿದ್ದರು.

ಈ ಕಸುಬಿನವರಿಗೆ ನಾಚಿಕೆ ಸ್ವಲ್ಪ ಕಡಿಮೆಯೇ. ತಾಯಿ ಎಷ್ಟು ಎತ್ತರ, ಸೋದರಮಾವನ ಭುಜ ಎಷ್ಟು ಅಗಲ, ಹುಡುಗನ ಪಾದ ಇನ್ನೂ ಬೆಳೆಯುತ್ತಿದೆಯೇ ಎಂದೆಲ್ಲ ಕೇಳುತ್ತಾರೆ. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರೂ ಇಷ್ಟು ಕೆದಕುವುದಿಲ್ಲ. ಮೀಸೆ ಮೂಡದ ಎಂಟನೇ ಕ್ಲಾಸಿನ ಹುಡುಗನಿಗೂ ಸೀಟು ಕಾದಿರಿಸಿದ್ದುಂಟು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ. ಆದರೆ ಒಂದು ಕಟ್ಟಳೆಗೆ ಮಾತ್ರ ಎಲ್ಲರೂ ಹೆದರುತ್ತಾರೆ. ಮೇ ತಿಂಗಳಲ್ಲಿ ಹುಡುಗನನ್ನು ನೋಡಬಹುದು, ಎದುರಿಗೆ ನಿಂತು ಮಾತಾಡುವಂತಿಲ್ಲ. ಅಕಸ್ಮಾತ್ ಎದುರಾದರೆ ಒಂದು ನಮಸ್ಕಾರ, ಒಂದು ಕೈಕುಲುಕು, ಅಷ್ಟೆ. ಹಾಗಾಗಿ ಪ್ರತಿ ಶಾಲೆಯ ಕೋಚ್ ಕೂಡ ಆ ಅಕಸ್ಮಾತ್ತನ್ನು ಗಡಿಯಾರ ನೋಡಿಕೊಂಡು ಏರ್ಪಡಿಸುತ್ತಾನೆ.

ಕಾಲಿಯರ್ಸ್ ಫೆರಿಯ ಹೈಸ್ಕೂಲಿನಲ್ಲೂ ಹಾಗೆಯೇ ಆಯಿತು. ಕೋಚ್ ಹ್ಯಾಗರ್ಡ್ ಗುಡ್ಲೋನನ್ನು ಕಾರಿಡಾರಿನಲ್ಲಿ ನಡೆಸಿಕೊಂಡು ಹೋಗುತ್ತಿದ್ದಾಗ, ನೀರಿನ ನಲ್ಲಿಯ ಹತ್ತಿರ ಕ್ವಿಂಡೆಲ್ ಮೇಬ್ರಿ ನಿಂತಿದ್ದ. ಹದಿನೇಳು ವರ್ಷ, ಆರಡಿ ಮೂರಂಗುಲ. ಚೆಂಡು ಹಿಡಿದು ಓಡಿಬರುವವನನ್ನು ಡಿಕ್ಕಿ ಹೊಡೆದು ಕೆಡವುವುದು ತಂಡದಲ್ಲಿ ಅವನ ಕೆಲಸ. ಆ ಜಿಲ್ಲೆಯಲ್ಲಿ ಅವನಷ್ಟು ಗಟ್ಟಿಯಾಗಿ ಹೊಡೆಯುವವನು ಇನ್ನೊಬ್ಬನಿರಲಿಲ್ಲ.

“ಅರೆ, ನೀನಿಲ್ಲೇನು ಮಾಡ್ತಿದ್ದೀಯೋ?” ಎಂದ ಹ್ಯಾಗರ್ಡ್, ಮಹಾ ಆಶ್ಚರ್ಯಪಟ್ಟವನ ಹಾಗೆ.

“ಬಾಯಾರಿಕೆ ಕೋಚ್.”

ಗುಡ್ಲೋ ಕೈ ಚಾಚಿದ. ಮೂರು ಎಣಿಸುವಷ್ಟು ಹೊತ್ತು ಹಿಡಿದು ನೋಡುವುದು ಅವನ ರೂಢಿ. ಹಿಡಿತದಲ್ಲೇ ಅವನಿಗೆ ಅರ್ಧ ಜಾತಕ ತಿಳಿಯುತ್ತಿತ್ತು. ಹುಡುಗನ ಅಂಗೈ ಮೊರದಷ್ಟು ಅಗಲವಿತ್ತು. ಆದರೆ ಬೆರಳುಗಳು ಮುಚ್ಚಿಕೊಳ್ಳಲಿಲ್ಲ. ಒಂದು, ಎರಡು, ಮೂರು ಎಣಿಸಿದರೂ ಮುಚ್ಚಲಿಲ್ಲ. ಗುಡ್ಲೋ ಮುಖವೆತ್ತಿ ನೋಡಿದಾಗ ಹುಡುಗ ನೆಟ್ಟಗೆ ಅವನ ಕಣ್ಣನ್ನೇ ನೋಡುತ್ತಿದ್ದ. ಹೇಳಬೇಡಿ ಎಂದು ಬೇಡುವ ನೋಟ ಅದು.

“ಹೇಗಿದ್ದೀಯಪ್ಪಾ?”

“ಚೆನ್ನಾಗಿದ್ದೀನಿ ಸರ್.”

ಅಲ್ಲಿಗೆ ಕಟ್ಟಳೆಯ ಮಾತು ಮುಗಿಯಿತು.

ಹ್ಯಾಗರ್ಡನ ಕೋಣೆಯಲ್ಲಿ ಕಳೆದ ಋತುವಿನ ಆಟದ ವಿಡಿಯೊ ಓಡಿತು. ಒಂದೊಂದು ತುಣುಕೂ ಹುಡುಗ ಒಬ್ಬನನ್ನು ನೆಲಕ್ಕೆ ಅಪ್ಪಳಿಸುವಲ್ಲಿಗೆ, ರೆಫರಿ ಸೀಟಿ ಊದುವಲ್ಲಿಗೆ ಕತ್ತರಿಸಲಾಗಿತ್ತು. ಎಲ್ಲ ಶಾಲೆಗಳೂ ಹೀಗೇ ಕತ್ತರಿಸುತ್ತವೆ, ಎಲ್ಲ ಕಾಲೇಜುಗಳೂ ಹೀಗೇ ನೋಡುತ್ತವೆ.

“ಪೂರ್ತಿದು ಹಾಕಿ ಕೋಚ್,” ಎಂದ ಗುಡ್ಲೋ.

“ಇದೇ ಪೂರ್ತಿ.”

“ಸೀಟಿ ಊದಿದ್ ಮೇಲಿಂದು.”

“ಸೀಟಿ ಊದಿದ್ ಮೇಲೆ ಏನಿರುತ್ತೆ ಮಾರಾಯಾ? ಹುಡುಗ್ರು ಎದ್ದು ಪ್ಯಾಂಟ್ ಕೊಡವ್ಕೊಂಡ್ ಹೋಗ್ತಾರೆ. ಅದನ್ನೂ ನೋಡ್ತೀಯಾ?”

“ನೋಡ್ತೀನಿ.”

ಆರು ವರ್ಷದ ಹಿಂದೆ ಗುಡ್ಲೋ ಅದನ್ನು ನೋಡಿರಲಿಲ್ಲ. ಲಮಾರಿಯಸ್ ಎಂಬ ಹುಡುಗನನ್ನು ಕತ್ತರಿಸಿದ ವಿಡಿಯೊ ನೋಡಿಯೇ ಕರೆತಂದಿದ್ದ. ಕಾಲೇಜಿನ ಎರಡನೇ ಆಟದಲ್ಲಿ ಆ ಹುಡುಗ ತಲೆ ತಗ್ಗಿಸಿ ಡಿಕ್ಕಿ ಹೊಡೆದವನು ಮತ್ತೆ ಏಳಲಿಲ್ಲ. ಈಗಲೂ ಅವನಿಗೆ ನೀರನ್ನು ಯಾರಾದರೂ ಕುಡಿಸಬೇಕು. ಗುಡ್ಲೋ ಅವನನ್ನು ನೋಡಲು ಹೋದದ್ದು ಒಂದೇ ಸಲ. ಇನ್ನೊಮ್ಮೆ ಹೋಗುವ ಧೈರ್ಯ ಅವನಿಗಿರಲಿಲ್ಲ, ಅದನ್ನು ನೆನೆದಾಗಲೆಲ್ಲ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಹ್ಯಾಗರ್ಡ್ ಗೊಣಗುತ್ತ ಕತ್ತರಿಸದ ವಿಡಿಯೊ ಹಾಕಿದ. ಸೀಟಿಯಾದ ಮೇಲೆ ಕ್ವಿಂಡೆಲ್ ಏಳುತ್ತಿದ್ದ. ಬಲಗೈ ಒದ್ದೆ ಟವೆಲಿನಂತೆ ಜೋತುಬಿದ್ದಿರುತ್ತಿತ್ತು. ಎಡಗೈಯಿಂದ ಅದರ ಹೆಬ್ಬೆರಳನ್ನು ಎತ್ತಿ ಪ್ಯಾಂಟಿನ ಪಟ್ಟಿಗೆ ಸಿಕ್ಕಿಸಿ, ಸೊಂಟದ ಮೇಲೆ ಕೈಯಿಟ್ಟು ಜಂಬದಿಂದ ನಿಂತವನ ಹಾಗೆ ನಿಲ್ಲುತ್ತಿದ್ದ. ನೋಡಿದವರು ಪೊಗರು ಎಂದುಕೊಳ್ಳಬೇಕು, ಹಾಗೆ. ಗುಡ್ಲೋ ಎಣಿಸಿದ. ಆಗಸ್ಟಿನಲ್ಲಿ ಎರಡು ಸಲ, ಸೆಪ್ಟೆಂಬರಿನಲ್ಲಿ ಐದು. ನವೆಂಬರಿನ ಹೊತ್ತಿಗೆ ಪ್ರತಿ ಡಿಕ್ಕಿಗೂ.

“ಇದು ಕುತ್ತಿಗೆ ಕೋಚ್. ನಿಮ್ಗೆ ಗೊತ್ತು.”

“ಜೋಮು ಹಿಡಿಯುತ್ತೆ, ಬಿಡುತ್ತೆ. ಎಲ್ಲಾ ಹುಡುಗ್ರಿಗೂ ಆಗುತ್ತೆ. ನಿಂಗೂ ಆಗಿರುತ್ತೆ, ನಂಗೂ ಆಗಿತ್ತು.”

“ಡಾಕ್ಟರಿಗೆ ತೋರ್ಸಿದ್ರಾ?”

ಹ್ಯಾಗರ್ಡ್ ಬಾಗಿಲು ಮುಚ್ಚಿ ಬಂದು ಕೂತ. “ತೋರ್ಸಿದ್ರೆ ಅವರು ಆಡ್ಬೇಡ ಅಂತಾರೆ. ಆಮೇಲೆ ಅವನು ಎಲ್ಲಿಗೆ ಹೋಗ್ಬೇಕು? ಇಲ್ಲಿ ಇರೋದೊಂದೇ ಕೋಳಿ ಫ್ಯಾಕ್ಟರಿ. ಡಿಸೆಂಬರಿಗೆ ಅವನು ಯಾವ್ದಾದ್ರೂ ಕಾಲೇಜಿಗೆ ಸಹಿ ಹಾಕ್ಲಿ, ಆಮೇಲೆ ಅವರ ಡಾಕ್ಟರು ನೋಡ್ಕೋತಾರೆ. ನಿಂಗೆ ಬೇಡ್ವಾ, ಬೇಡ ಅನ್ನು. ಬಾಯಿ ಮುಚ್ಕೊಂಡು ಹೋಗು.”

ಗುಡ್ಲೋ ಹೋಗಲಿಲ್ಲ. ಕಣ್ಣಾರೆ ನೋಡಿಬಿಡೋಣ ಎಂದು ಮೈದಾನಕ್ಕೆ ಬಂದು ಬೇಲಿಗೆ ಒರಗಿದ. ಅಲ್ಲೇ ಅವನು ಎಡವಿದ್ದು. ಸೆಖೆಗೆ ಹುಲ್ಲಿನ ಮೇಲೆ ಗಾಳಿ ಕುದಿಯುತ್ತಿತ್ತು, ಪಶ್ಚಿಮಕ್ಕೆ ಮೋಡ ಕಪ್ಪಾಗುತ್ತಿತ್ತು. ಅವನು ಕಣ್ಣು ಮಿಟುಕಿಸದೆ ಆ ಬಲಗೈಯನ್ನೇ ನೋಡುತ್ತ ನಿಂತ. ಹದಿನೈದು ನಿಮಿಷವಾಯಿತು. ನಲವತ್ತಾಯಿತು. ಕಬ್ಬಿಣದ ಮೆಟ್ಟಿಲ ಮೇಲೆ ಕೂತಿದ್ದ ಬೇರೆ ಬೇರೆ ಕಾಲೇಜಿನ ಐವರು ಮೊದಲು ಹುಡುಗರನ್ನು ನೋಡುತ್ತಿದ್ದರು. ಆಮೇಲೆ ಗುಡ್ಲೋನನ್ನು ನೋಡತೊಡಗಿದರು.

ಅವರಲ್ಲಿ ಹಿರಿಯ ಪಿಕೆಟ್, ಜೋಲು ಮೀಸೆಯವನು, ಕೆಳಗಿಳಿದು ಬಂದ. “ಏನಯ್ಯಾ, ಬೇರು ಬಿಟ್ಟಿದ್ದೀಯ. ಒಂದು ಗಂಟೆ ಆಯ್ತು.”

“ಸುಮ್ನೆ.”

“ಸುಮ್ನೆ ನಿಲ್ಲೋನಾ ನೀನು? ನಿಮ್ಮಮ್ಮನ ಮನೇಲೂ ಒಂದು ಗಂಟೆ ಕೂರಲ್ವಂತೆ.” ಪಿಕೆಟ್ ನಕ್ಕು, ಫೋನು ತೆಗೆದು ಆಚೆ ಹೋದ. ಮೆಟ್ಟಿಲ ಮೇಲೂ ನಾಲ್ಕು ಫೋನು ಕಿವಿಗೇರಿದವು.

ನೀರು ಕುಡಿಯುವ ಬಿಡುವಿನಲ್ಲಿ ಹ್ಯಾಗರ್ಡ್ ತನ್ನ ಫೋನು ಜೇಬಿಗಿಳಿಸಿ ಹುಡುಗನನ್ನು ತಬ್ಬಿ ಎತ್ತಿದ. “ಮೂರು ಕಾಲೇಜು ಕಣೋ! ಮೂರು! ಪೂರ್ತಿ ಸ್ಕಾಲರ್‌ಶಿಪ್ಪು!” ಹುಡುಗರೆಲ್ಲ ಕೇಕೆ ಹಾಕಿದರು. ಹ್ಯಾಗರ್ಡ್ ಬೇಲಿಯ ಕಡೆ ತಿರುಗಿ ಗುಡ್ಲೋಗೆ ಟೋಪಿ ಎತ್ತಿ ತೋರಿಸಿದ.

ಆಗ ಗುಡ್ಲೋಗೆ ಹೊಳೆಯಿತು. ಅವರು ಯಾರೂ ಹುಡುಗನನ್ನು ಅಳೆದಿರಲಿಲ್ಲ. ತಾನು ನಿಂತ ಹೊತ್ತನ್ನು ಅಳೆದಿದ್ದರು. ಬೇಡ ಎನ್ನಲು ಕಾರಣ ಹುಡುಕುತ್ತ ನಿಂತದ್ದನ್ನು ಬೇಕೇ ಬೇಕು ಎಂದು ಓದಿಕೊಂಡಿದ್ದರು. ಇಷ್ಟು ವರ್ಷ ತನ್ನ ಕಣ್ಣಿನ ಬಗ್ಗೆ ಹೆಮ್ಮೆಪಟ್ಟುಕೊಂಡವನಿಗೆ ಈಗ ಆ ಕಣ್ಣನ್ನೇ ಕಿತ್ತೊಗೆಯಬೇಕು ಅನಿಸಿತು.

ತಾಯಿಗೆ ಫೋನು ಮಾಡುವುದಕ್ಕೆ ಕಟ್ಟಳೆಯ ಅಡ್ಡಿಯಿರಲಿಲ್ಲ. ವರ್ಲೀನ್ ಮೇಬ್ರಿ ಕೋಳಿ ಫ್ಯಾಕ್ಟರಿಯ ಬಿಡುವಿನಲ್ಲಿದ್ದಳು. ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು.

“ಮಿಸ್ ವರ್ಲೀನ್, ನಾನು ಗುಡ್ಲೋ ಅಂತ, ಕಾಲೇಜಿಂದ...”

“ಗೊತ್ತಪ್ಪಾ. ನನ್ ಮಗನಿಗೋಸ್ಕರ ಬಿಸಿಲಲ್ಲಿ ನಿಂತಿದ್ದೀರಂತೆ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.”

“ಅವನ ಬಲಗೈ...”

ಅವಳು ಮೆಲ್ಲಗೆ ಹೇಳಿದಳು. “ದಿನಾ ಎಣ್ಣೆ ಹಚ್ಚಿ ನೀವೋಳು ನಾನೇ. ನಂಗೆ ಗೊತ್ತಿಲ್ವಾ? ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕೋಳಿ ಕತ್ತರಿಸ್ತಿದ್ದೀನಿ. ನನ್ನ ಎರಡು ಕೈಗೂ ಜೋಮು, ಲೋಟ ಹಿಡಿಯೋಕಾಗಲ್ಲ. ಇದಕ್ಕೆ ಯಾರೂ ಕಾಲೇಜು ಸೀಟು ಕೊಡ್ಲಿಲ್ಲ ನೋಡಿ.”

“ಇದು ಕೈಯಲ್ಲ ಮಿಸ್ ವರ್ಲೀನ್, ಕುತ್ತಿಗೆ. ಒಂದಿನ ಅವನು ಬಿದ್ದೋನು ಏಳಲ್ಲ.”

“ಹಾಗನ್ಬೇಡಿ. ಅವನು ಕೈ ಅಂತಲೇ ಹೇಳಿದ್ದು. ಬರೀ ಕೈ ಅಂದ.” ಹಿಂದೆ ಗಂಟೆ ಹೊಡೆಯಿತು. “ಲೈನ್ ಶುರುವಾಯ್ತು. ನಿಲ್ಲಿಸಿ ಅವನನ್ನ. ನಾನು ಹೇಳ್ದೆ ಅಂತ ಹೇಳಿ, ನಿಲ್ಲಿಸಿ.” ಫೋನು ಕಟ್ಟಾಯಿತು.

ಮೈದಾನದಲ್ಲಿ ಹ್ಯಾಗರ್ಡ್ ಆಗಲೇ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿದ್ದ. ಬಂದವರು ಬೆಲೆ ಏರಿಸುವ ಹೊತ್ತಿನಲ್ಲಿ ಸರಕು ತೋರಿಸದಿದ್ದರೆ ಹೇಗೆ? “ಎಲ್ಲಿ, ಕಾಲೇಜಿನೋರಿಗೆ ಒಂದ್ಸಲ ತೋರ್ಸೋ!” ಎಂದು ಕೂಗಿದ. ಕ್ವಿಂಡೆಲ್ ಹೆಲ್ಮೆಟ್ ಬಿಗಿದುಕೊಂಡು ಹತ್ತು ಹೆಜ್ಜೆ ದೂರ ನಿಂತ. ಎದುರಿಗೆ ಚೆಂಡು ಹಿಡಿದವನು ಅವನಿಗಿಂತ ಮೂವತ್ತು ಪೌಂಡು ಹೆಚ್ಚು ತೂಕ.

ಗುಡ್ಲೋ ಬೇಲಿ ಹಾರಿದ. ಕಟ್ಟಳೆ ಮುರಿದು ಮೈದಾನದ ಬಿಳಿ ಗೆರೆ ದಾಟಿದರೆ ಕೆಲಸ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು, ಮೆಟ್ಟಿಲ ಮೇಲಿದ್ದವರಿಗೂ ಗೊತ್ತಿತ್ತು. “ನಿಲ್ಸಿ! ಕೋಚ್, ನಿಲ್ಸಿ!” ಎಂದು ಕೂಗುತ್ತ ಓಡಿದ. ನಲವತ್ತೈದರ ಕಾಲು ಎಷ್ಟು ಓಡೀತು? ಅವನು ಅರ್ಧ ದಾರಿಯಲ್ಲಿದ್ದಾಗ ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿದ ಸದ್ದು ಕೇಳಿತು. ಚೆಂಡು ಹಿಡಿದವನು ಅಂಗಾತ ಬಿದ್ದ. ಹ್ಯಾಗರ್ಡ್ ಸೀಟಿ ಊದಿದ. ಮೆಟ್ಟಿಲ ಮೇಲೆ ಚಪ್ಪಾಳೆ.

ಕ್ವಿಂಡೆಲ್ ಮೊಣಕಾಲೂರಿ, ಮೆಲ್ಲಗೆ ಎದ್ದು ನಿಂತ.

“ನಿಂಗೆ ತಲೆಗಿಲೆ ಕೆಟ್ಟಿದ್ಯಾ?” ಹ್ಯಾಗರ್ಡ್ ಅಡ್ಡ ಬಂದ. ಗುಡ್ಲೋ ಅವನನ್ನು ಪಕ್ಕಕ್ಕೆ ತಳ್ಳಿ ಹುಡುಗನ ಬಲಗೈಯಲ್ಲಿ ತನ್ನ ಎರಡು ಬೆರಳಿಟ್ಟ.

“ಒತ್ತು.”

ಹುಡುಗ ಮೆಟ್ಟಿಲ ಕಡೆ ಕಣ್ಣು ಹಾಯಿಸಿದ.

“ಒತ್ತಪ್ಪಾ. ಎಲ್ರೂ ನೋಡ್ಲಿ.”

ಎಲ್ಲರೂ ನೋಡಿದರು. ಅಗಲವಾದ ಆ ಕೈ ಗುಡ್ಲೋನ ಬೆರಳಿನಿಂದ ಜಾರಿ ತೊಡೆಗೆ ಬಡಿಯಿತು. ಮೆಟ್ಟಿಲ ಮೇಲಿನ ಚಪ್ಪಾಳೆ ನಿಂತಿತು. ಒಬ್ಬೊಬ್ಬರಾಗಿ ಎದ್ದು, ಕಾರಿನ ಕೀಲಿ ಹುಡುಕುತ್ತ ಇಳಿದರು. ನಾಲ್ಕು ಕಾರು ಧೂಳೆಬ್ಬಿಸಿಕೊಂಡು ಹೋದವು. ಹುಡುಗ ಆ ಧೂಳನ್ನು ನೋಡುತ್ತ ನಿಂತಿದ್ದ, ಕಣ್ಣಲ್ಲಿ ನೀರು ತುಂಬಿತ್ತು. ಅವನ ಬಾಳನ್ನು ಉಳಿಸಿದೆನೋ ಹಾಳುಮಾಡಿದೆನೋ ಗುಡ್ಲೋಗೆ ಆ ಗಳಿಗೆಯಲ್ಲಿ ತಿಳಿಯಲಿಲ್ಲ.

ಪಿಕೆಟ್ ಮಾತ್ರ ಹೋಗಲಿಲ್ಲ. ಮೀಸೆ ನೇವರಿಸುತ್ತ ಬೇಲಿಯವರೆಗೆ ಬಂದು ಹ್ಯಾಗರ್ಡನನ್ನು ಬೆರಳಲ್ಲಿ ಕರೆದ. ಇಬ್ಬರೂ ತಲೆ ತಗ್ಗಿಸಿ ಪಿಸುಗುಟ್ಟಿದರು. “ನಮ್ಮ ಡಾಕ್ಟರು ಅಷ್ಟೇನೂ ಕಟ್ಟುನಿಟ್ಟಿಲ್ಲ” ಎಂಬ ಒಂದು ಮಾತು ಗುಡ್ಲೋಗೂ ಕೇಳಿಸಿತು. ಹ್ಯಾಗರ್ಡ್ ಅಲ್ಲಿಂದಲೇ ಹುಡುಗನಿಗೆ ಹೆಬ್ಬೆರಳು ಎತ್ತಿ ತೋರಿಸಿದ.

ಕ್ವಿಂಡೆಲ್‌ನ ಮುಖ ಅರಳಿತು. “ನೋಡಿದ್ರಾ ಸರ್? ಒಂದು ಉಳೀತು!” ಎಂದ, ಗುಡ್ಲೋನ ಮೇಲೆ ಸಿಟ್ಟೂ ಇಲ್ಲದೆ. “ಅಮ್ಮನಿಗೆ ಹೇಳ್ಬೇಕು. ನೀವೇ ಒಂಚೂರು ಫೋನ್ ಹಚ್ಚಿಕೊಡ್ತೀರಾ? ಕೈ ಆಡ್ತಿಲ್ಲ.”

“ಎಡಗೈ ಇದ್ಯಲ್ಲಪ್ಪಾ.”

“ಅದೂ ಆಡ್ತಿಲ್ಲ ಸರ್.” ಅವನು ಬೇಲಿಯ ಕಡೆ ನೋಡಿ ದನಿ ತಗ್ಗಿಸಿದ. “ಈಗ ಹೊಡೆದ್ನಲ್ಲ, ಆಗ್ಲಿಂದ. ಎರಡೂ ಉರೀತಿದೆ. ಕಾಲೂ ಒಂಥರಾ... ಬಿಡುತ್ತೆ ಬಿಡಿ. ಅವರಿಗೆ ಹೇಳ್ಬೇಡಿ.”

ಒಂದು ಕೈಯಾದರೆ ನರ. ಎರಡೂ ಕೈ, ಕಾಲು ಎಂದರೆ ಬೆನ್ನುಹುರಿ. ಗುಡ್ಲೋ ಹುಡುಗನ ಬೆನ್ನಿಗೆ ತೋಳು ಕೊಟ್ಟು, ಕುತ್ತಿಗೆ ಅಲುಗದಂತೆ ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿದ. ಹೆಲ್ಮೆಟ್ಟನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು ಫೋನು ತೆಗೆದ. ಕ್ವಿಂಡೆಲ್ ಕೆಳಗಿನಿಂದ ಅವನ ಬೆರಳನ್ನೇ ನೋಡುತ್ತಿದ್ದ. ಗುಡ್ಲೋ ಆಂಬುಲೆನ್ಸಿನ ಮೂರೇ ಅಂಕಿ ಒತ್ತಿ ಫೋನನ್ನು ಕಿವಿಗಿಟ್ಟ.

“ಸರ್,” ಎಂದ ಹುಡುಗ, “ಅದು ಅಮ್ಮನ ನಂಬರಲ್ಲ.”